ತೋರಣಗಲ್ಲಿನ ಚೆಂಡು ಯಾರ ಅಂಗಳದಲ್ಲಿದೆ?

2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸಿತು. ಇಂಡಿಯನ್ ಸೂಪರ್ ಲೀಗ್‌ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ಮೊದಲ ತಂಡದ ಆಟಗಾರರಿಗೂ ಸಿಬ್ಬಂದಿಗೂ ಅನಿರ್ದಿಷ್ಟಾವಧಿಗೆ ಸಂಬಳ ನಿಲ್ಲಿಸುತ್ತಿದ್ದೇವೆ ಎಂಬುದು ಅದರ ಸಾರ. ಯುವ ತಂಡಗಳ ಕೆಲಸಕ್ಕೆ ಧಕ್ಕೆ ಇಲ್ಲ ಎಂದೂ ಹೇಳಿತ್ತು.

ನಾನು ಹೊಸಪೇಟೆ ಬಸ್ ಸ್ಟ್ಯಾಂಡ್ ಎದುರು ಚಹಾ ಕುಡಿಯುತ್ತ ಅದನ್ನು ಮೊಬೈಲ್‌ನಲ್ಲಿ ಓದಿದೆ. ಕೂಡಲೇ ಡೆಸ್ಕ್‌ಗೆ ಫೋನ್ ಮಾಡಿದೆ. "ಇದು ಬೆಂಗಳೂರಿನ ಸುದ್ದಿ, ಸ್ಪೋರ್ಟ್ಸ್ ಪೇಜಿನವರು ನೋಡ್ಕೋತಾರೆ, ನೀನು ಜಲಾಶಯದ ಒಳಹರಿವು ಕಳಿಸು" ಅಂದರು. ತುಂಗಭದ್ರೆಯ ಒಳಹರಿವು ಕಳಿಸಿದೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಯಾಕೆಂದರೆ ಅದು ಬರೀ ಬೆಂಗಳೂರಿನ ಸುದ್ದಿ ಅಲ್ಲ.

ಬೆಂಗಳೂರು ಎಫ್‌ಸಿಯ ಮಾಲೀಕರು ಜೆಎಸ್‌ಡಬ್ಲ್ಯು. ನಮ್ಮ ಕಡೆ ಯಾರೂ ಆ ಹೆಸರು ಹೇಳುವುದಿಲ್ಲ, ಎಲ್ಲರಿಗೂ ಅದು 'ಜಿಂದಾಲ್'. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಅವರ ಉಕ್ಕಿನ ಕಾರ್ಖಾನೆ ಇದೆ, ಅದರ ಪಕ್ಕದ ಟೌನ್‌ಶಿಪ್‌ನಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಜಾವೆಲಿನ್‌ನ ನೀರಜ್ ಚೋಪ್ರಾ ಕೂಡ ಅಲ್ಲಿ ಅಭ್ಯಾಸ ಮಾಡಿದವರು. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇರುವುದೂ ಅಲ್ಲೇ. ಕಂಠೀರವದಲ್ಲಿ ಆಡುವ ತಂಡ ಸೀಸನ್‌ಗೆ ಮುಂಚೆ ಬೆವರು ಸುರಿಸಿದ್ದು ನಮ್ಮ ಕೆಂಪು ದೂಳಿನ ಊರಲ್ಲಿ. ಕ್ಲಬ್ಬಿನ ದುಡ್ಡಿನ ಮೂಲವೂ ಈ ಗುಡ್ಡಗಳ ಅದಿರಿನ ಹತ್ತಿರವೇ ಬಂದು ನಿಲ್ಲುತ್ತದೆ. ಜಿಂದಾಲ್‌ಗೆ 3,667 ಎಕರೆ ಜಮೀನು ಮಾರುವ ವಿಷಯದಲ್ಲಿ ಮೂರು ಸರ್ಕಾರಗಳ ಕಾಲ ಜಗಳ ನಡೆಯಿತು. ಧರಣಿ ಕೂತರು, ಸ್ವಪಕ್ಷದವರೇ ಪತ್ರ ಬರೆದರು. ಜಮೀನಿನ ಬಗ್ಗೆ ಪ್ರಶ್ನೆ ಕೇಳಲು ನಮಗೆ ಬರುತ್ತದೆ. ಫುಟ್‌ಬಾಲ್ ಬಗ್ಗೆ ಕೇಳಬಹುದು ಎಂಬುದೇ ಹೊಳೆದಿಲ್ಲ.

ಆಟದ ಆಡಳಿತದಲ್ಲಿ ನೋಡುವವನಿಗೆ ಏನಾದರೂ ಮಾತಿದೆಯಾ? ಇದ್ದರೆ ಎಲ್ಲಿ, ಹೇಗೆ ಸಿಕ್ಕಿತು? ಕೆಲವು ತಿಂಗಳಿಂದ ಇದನ್ನೇ ಹುಡುಕಿ ಓದುತ್ತಿದ್ದೇನೆ.

ಕಂಪ್ಲಿಯವರಿಗೆ ಚೆಂಡಿನ ಕಥೆ ಹೊಸದಲ್ಲ. ಕಂಪಿಲರಾಯನ ಮಗ ಕುಮಾರರಾಮ ಚೆಂಡಾಡುತ್ತಿದ್ದಾಗ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅದನ್ನು ತರಲು ಒಳಗೆ ಹೋದವನ ಮೇಲೆ ಅವಳು ಮೋಹಗೊಳ್ಳುತ್ತಾಳೆ. ಅವನು ಒಪ್ಪುವುದಿಲ್ಲ. ಅವಳು ಗಂಡನಿಗೆ ದೂರು ಕೊಡುತ್ತಾಳೆ, ರಾಜ ಮಗನ ತಲೆ ತೆಗೆಯಲು ಹೇಳುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಪಾಡುತ್ತಾನೆ. ಮುಂದೆ 1327ರ ಸುಮಾರಿಗೆ ದೆಹಲಿಯ ತುಘಲಕ್ ಸೈನ್ಯ ಬಂದಾಗ ರಾಜ್ಯವೇ ಹೋಗುತ್ತದೆ. ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಬರೆದ, ಜನ ಹಾಡಿಕೊಂಡು ಬಂದರು. ಚಿಕ್ಕಂದಿನಲ್ಲಿ ಈ ಕಥೆ ಕೇಳುವಾಗ ನನಗೆ ಕಾಡುತ್ತಿದ್ದುದು ಒಂದೇ: ಚೆಂಡು ಅವನದೇ ತಾನೆ, ಅದನ್ನು ವಾಪಸ್ ಪಡೆಯಲು ಇಷ್ಟೆಲ್ಲ ಯಾಕೆ?

ಭಾರತದ ಫುಟ್‌ಬಾಲ್ ಚೆಂಡು ಬಿದ್ದಿರುವ ಅರಮನೆಯ ಹೆಸರು ಆಲ್ ಇಂಡಿಯಾ ಫುಟ್‌ಬಾಲ್ ಫೆಡರೇಷನ್. 2022ರಲ್ಲಿ ಅದರ ಮತದಾರರು ರಾಜ್ಯ ಸಂಸ್ಥೆಗಳಾಗಿದ್ದವು. ನಮ್ಮ ರಾಜ್ಯದ್ದು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಅಂದರೆ ಕೆಎಸ್‌ಎಫ್‌ಎ, ಅದಕ್ಕೆ ಒಂದು ಓಟು. ಟಿಕೆಟ್ ಕೊಂಡವನಿಗೆ, ಜರ್ಸಿ ಕೊಂಡವನಿಗೆ, ಮಗಳನ್ನು ಅಕಾಡೆಮಿಗೆ ಸೇರಿಸಿದವನಿಗೆ ಓಟಿಲ್ಲ. 2022ರ ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಬೈಚುಂಗ್ ಭುಟಿಯಾ ನಿಂತಿದ್ದರು. ದೇಶದ ಯಾವ ಗಲ್ಲಿಯಲ್ಲಿ ಕೇಳಿದರೂ ಫುಟ್‌ಬಾಲ್ ಅಂದರೆ ಆಗ ನೆನಪಾಗುತ್ತಿದ್ದ ಎರಡು ಮೂರು ಹೆಸರುಗಳಲ್ಲಿ ಅವರದೊಂದು. ಅವರಿಗೆ ಬಿದ್ದದ್ದು 1 ಮತ. ಗೆದ್ದ ಕಲ್ಯಾಣ್ ಚೌಬೆಗೆ 33. ಆ ಚುನಾವಣೆಯಲ್ಲೇ ಕೆಎಸ್‌ಎಫ್‌ಎ ಅಧ್ಯಕ್ಷ, ಶಾಂತಿನಗರ ಶಾಸಕ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾದರು. ಚೌಬೆ ಅರ್ಹರಲ್ಲ ಎಂದು ನಾನು ಹೇಳುತ್ತಿಲ್ಲ, ಅವರೂ ಗೋಲ್‌ಕೀಪರ್ ಆಗಿದ್ದವರೇ. ಆದರೆ 33ಕ್ಕೆ 1 ಎಂಬ ಲೆಕ್ಕ ನೋಡಿದರೆ, ಹೊರಗೆ ನಿಂತು ಕೂಗುವವರಿಗೂ ಒಳಗೆ ಕೈ ಎತ್ತುವವರಿಗೂ ಎಷ್ಟು ದೂರ ಎಂದು ಗೊತ್ತಾಗುತ್ತದೆ.

ಆ ಚುನಾವಣೆ ನಡೆದದ್ದೇ ಒಂದು ಕೋರ್ಟ್ ಕೇಸಿನಿಂದ. ಅಲ್ಲಿ ನಮ್ಮ ಕಥೆಯ ಮುಖ್ಯ ವ್ಯಕ್ತಿ ಬರುತ್ತಾರೆ.

ರಾಹುಲ್ ಮೆಹ್ರಾ ದೆಹಲಿಯ ವಕೀಲರು. ಆಟಗಾರರಲ್ಲ, ಯಾವ ಸಂಸ್ಥೆಯ ಪದಾಧಿಕಾರಿಯೂ ಅಲ್ಲ. 2000ನೇ ಇಸವಿಯಲ್ಲಿ, ಮ್ಯಾಚ್ ಫಿಕ್ಸಿಂಗ್ ಹಗರಣದ ಕಾಲಕ್ಕೆ, ಬಿಸಿಸಿಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದವರು. ಖಾಸಗಿ ಸಂಸ್ಥೆಯಾದರೂ ಬಿಸಿಸಿಐ ಮಾಡುವುದು ಸಾರ್ವಜನಿಕ ಕೆಲಸ, ಹಾಗಾಗಿ ಅದರ ವಿರುದ್ಧ ರಿಟ್ ಅರ್ಜಿ ಕೇಳಬಹುದು ಎಂದು 2004ರಲ್ಲಿ ಹೈಕೋರ್ಟ್ ಹೇಳಿತು. ನಂತರ ಅವರು ಫುಟ್‌ಬಾಲ್ ಫೆಡರೇಷನ್ ಕಡೆ ತಿರುಗಿದರು. ಚುನಾವಣೆಯನ್ನು ರಾಷ್ಟ್ರೀಯ ಕ್ರೀಡಾ ಸಂಹಿತೆಯ ಪ್ರಕಾರ ನಡೆಸಿಲ್ಲ ಎಂಬುದು ಅವರ ವಾದ. 2017ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟ್ ಅಂದಿನ ಅಧ್ಯಕ್ಷ ಪ್ರಫುಲ್ ಪಟೇಲ್ ಅವರ ಆಯ್ಕೆಯನ್ನೇ ರದ್ದು ಮಾಡಿತು. ಹತ್ತು ದಿನದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಜೊತೆಗೆ ಹೊಸ ಸಂವಿಧಾನದ ಕರಡು ಬರೆಯಲು ಮಾಜಿ ಮುಖ್ಯ ಚುನಾವಣಾ ಆಯುಕ್ತ ಎಸ್.ವೈ. ಖುರೇಷಿ ಮತ್ತು ಮಾಜಿ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ ಅವರನ್ನು ನೇಮಿಸಿತು.

ಮುಂದಿನ ಐದು ವರ್ಷ ಕಡತ ಕಡತದ ಹಾಗೇ ಇತ್ತು. ಪಟೇಲರ ಹನ್ನೆರಡು ವರ್ಷದ ಮಿತಿ 2020ಕ್ಕೆ ಮುಗಿದರೂ ಕೇಸು ನಡೆಯುತ್ತಿದೆ ಎಂಬ ಕಾರಣಕ್ಕೆ ಕುರ್ಚಿ ಮುಂದುವರಿಯಿತು. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಅವರನ್ನು ಇಳಿಸಿ, ನಿವೃತ್ತ ನ್ಯಾಯಮೂರ್ತಿ ಅನಿಲ್ ದವೆ ನೇತೃತ್ವದ ಸಮಿತಿಗೆ ಆಡಳಿತ ಕೊಟ್ಟಿತು. ಮತದಾರರ ಪಟ್ಟಿಯಲ್ಲಿ 36 ಮಾಜಿ ಆಟಗಾರರನ್ನೂ ಸೇರಿಸಿ ಚುನಾವಣೆ ಮಾಡುವ ಯೋಜನೆ ತಯಾರಾಯಿತು.

ಆಗ ಬಂತು ಫಿಫಾ. ಆಗಸ್ಟ್ 15ರಂದು, ನಾವಿಲ್ಲಿ ಧ್ವಜ ಹಾರಿಸಿ ಲಾಡು ಹಂಚುತ್ತಿದ್ದ ದಿನ, ಮೂರನೆಯವರ ಹಸ್ತಕ್ಷೇಪದ ಕಾರಣ ಕೊಟ್ಟು ಭಾರತವನ್ನು ಅಮಾನತು ಮಾಡಿತು. ಪೆಟ್ಟು ಬಿದ್ದದ್ದು ಪದಾಧಿಕಾರಿಗಳಿಗಲ್ಲ. ಗೋಕುಲಂ ಕೇರಳದ ಹೆಣ್ಣುಮಕ್ಕಳು ಏಷ್ಯಾ ಮಟ್ಟದ ಕ್ಲಬ್ ಟೂರ್ನಿ ಆಡಲು ಆಗಲೇ ತಾಷ್ಕೆಂಟ್‌ಗೆ ಹೋಗಿದ್ದರು. ಆಡದೆ ವಾಪಸ್ ಬರಬೇಕಾಯಿತು. ಅಕ್ಟೋಬರ್‌ನಲ್ಲಿ ಭಾರತದಲ್ಲಿ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ತೂಗುಯ್ಯಾಲೆಗೆ ಬಿತ್ತು. ಸುಪ್ರೀಂ ಕೋರ್ಟ್ ಸಮಿತಿಯನ್ನು ವಿಸರ್ಜಿಸಿತು, ಮಾಜಿ ಆಟಗಾರರ 36 ಓಟು ಬಿಟ್ಟುಹೋಯಿತು, ಆಗಸ್ಟ್ 26ಕ್ಕೆ ಫಿಫಾ ಅಮಾನತು ತೆಗೆಯಿತು. ಆಮೇಲೆ ನಡೆದದ್ದೇ ಆ 33-1ರ ಚುನಾವಣೆ.

ಇಲ್ಲಿಗೆ ಕಥೆ ಮುಗಿದಿದ್ದರೆ, ಅಭಿಮಾನಿ ಕೋರ್ಟಿಗೆ ಹೋದರೆ ಆಟಕ್ಕೇ ಕೆಟ್ಟದ್ದು ಎಂದು ಬರೆದು ಸುಮ್ಮನಾಗಬಹುದಿತ್ತು. ಆದರೆ ಕೇಸು ಸಾಯಲಿಲ್ಲ. ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಕರಡನ್ನು ತಿದ್ದಿ ಕೊಟ್ಟರು. 2025ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜಯಮಾಲ್ಯ ಬಾಗ್ಚಿ ಅವರ ಪೀಠ ಕೆಲವು ಬದಲಾವಣೆಗಳೊಂದಿಗೆ ಅದನ್ನು ಒಪ್ಪಿತು. ಅಕ್ಟೋಬರ್ 12ಕ್ಕೆ ಫೆಡರೇಷನ್ ಅಳವಡಿಸಿಕೊಂಡಿತು. ತಮಾಷೆ ಏನೆಂದರೆ, 2022ರಲ್ಲಿ ಕೋರ್ಟಿನ ಸಮಿತಿ ಬೇಡ ಎಂದಿದ್ದ ಅದೇ ಫಿಫಾ 2025ರ ಆಗಸ್ಟ್‌ನಲ್ಲಿ ಪತ್ರ ಬರೆದು, ಅಕ್ಟೋಬರ್ 30ರೊಳಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಪಡೆದು ಸಂವಿಧಾನ ಜಾರಿ ಮಾಡಿ, ಇಲ್ಲದಿದ್ದರೆ ಮತ್ತೆ ಅಮಾನತು ಎಂದಿತ್ತು. ಹೊಸ ಸಂವಿಧಾನದ ಪ್ರಕಾರ ಮಹಾಸಭೆಯಲ್ಲಿ ಮಾಜಿ ಆಟಗಾರರಿಗೆ ಜಾಗ ಇದೆ, ಹೆಣ್ಣುಮಕ್ಕಳೂ ಇರಲೇಬೇಕು. ಒಬ್ಬ ಹೊರಗಿನ ಮನುಷ್ಯ ಹಾಕಿದ ಅರ್ಜಿ ಇಷ್ಟು ದೂರ ತಂದಿತು.

ಆದರೂ ಒಂದು ಮಾತು. ಆ ವರ್ಷವೇ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಾಡಿತು. ಅದರಲ್ಲಿ ಮಂಡಳಿ ಇದೆ, ನ್ಯಾಯಮಂಡಳಿ ಇದೆ, ಆಟಗಾರರಿಗೆ ಸ್ಥಾನ ಇದೆ, ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರಿಗೆ ಇದೆ. ಪ್ರೇಕ್ಷಕನಿಗೆ ಒಂದು ಮಣೆಯೂ ಇಲ್ಲ. ಫೆಡರೇಷನ್ನಿನ ಸಂವಿಧಾನದಲ್ಲೂ ಇಲ್ಲ. ಬಾಗಿಲು ತೆಗೆಸಿದವನು ಬಾಗಿಲ ಹೊರಗೇ ಉಳಿದ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಕೋಲ್ಕತ್ತದ ಮೋಹನ್ ಬಾಗಾನ್ 1889ರ ಕ್ಲಬ್. 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ರೆಜಿಮೆಂಟ್ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್. 2020ರಲ್ಲಿ ಅದನ್ನು ಎಟಿಕೆ ಎಂಬ ಲೀಗ್ ತಂಡದ ಜೊತೆ ಸೇರಿಸಿದಾಗ ಹೆಸರು 'ಎಟಿಕೆ ಮೋಹನ್ ಬಾಗಾನ್' ಆಯಿತು. ಮೂರು ಅಕ್ಷರ ಮುಂದೆ ಬಂದದ್ದಕ್ಕೆ ಅಷ್ಟೊಂದು ಯಾಕೆ ಎಂದು ನಮಗೆ ಅನ್ನಿಸಬಹುದು. ಹಂಪಿ ವಿರೂಪಾಕ್ಷನ ಹೆಸರಿನ ಮುಂದೆ ಒಂದು ಸಿಮೆಂಟ್ ಕಂಪನಿಯ ಹೆಸರು ಬರೆದು ನೋಡಿ, ಅರ್ಥವಾಗುತ್ತದೆ. ಅಭಿಮಾನಿಗಳು ಬ್ಯಾನರ್ ಹಿಡಿದರು, ಮೆರವಣಿಗೆ ಮಾಡಿದರು, ಹಲವರು ಮೈದಾನಕ್ಕೇ ಹೋಗಲಿಲ್ಲ. ಮೂರು ವರ್ಷ ಬಿಡಲಿಲ್ಲ. 2023ರ ಮಾರ್ಚ್ 18ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್ ಗೆದ್ದ ರಾತ್ರಿ ಮಾಲೀಕ ಸಂಜೀವ್ ಗೋಯೆಂಕಾ ಎಟಿಕೆ ತೆಗೆಯುತ್ತೇವೆ ಎಂದು ಘೋಷಿಸಿದರು. ಆ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತವರು ಯಾರು ಗೊತ್ತಾ, ನಮ್ಮ ಬೆಂಗಳೂರು ಎಫ್‌ಸಿ. ಆ ರಾತ್ರಿ ನಾನು ಟಿವಿ ಆಫ್ ಮಾಡಿ ಮಲಗಿದ್ದೆ. ಎದುರಾಳಿ ಅಭಿಮಾನಿಗಳು ಕಪ್ಪಿಗಿಂತ ದೊಡ್ಡದೊಂದನ್ನು ಗೆದ್ದಿದ್ದಾರೆ ಎಂದು ಮರುದಿನ ಪೇಪರ್ ನೋಡಿ ತಿಳಿಯಿತು.

ಎಲ್ಲ ಹೋರಾಟ ಹಾಗೆ ಮುಗಿಯುವುದಿಲ್ಲ. ಈಸ್ಟ್ ಬೆಂಗಾಲ್ ಅಭಿಮಾನಿಗಳು 2021ರ ಜುಲೈನಲ್ಲಿ ಹೂಡಿಕೆದಾರರ ಒಪ್ಪಂದದ ವಿಷಯದಲ್ಲಿ ತಮ್ಮದೇ ಕ್ಲಬ್ ಎದುರು ಸೇರಿದಾಗ ಲಾಠಿ ಏಟು ತಿಂದರು. ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್‌ನ 'ಮಂಞಪ್ಪಡ' ಬಳಗ 2024-25ರ ಸೀಸನ್‌ನಲ್ಲಿ ಮ್ಯಾನೇಜ್‌ಮೆಂಟ್ ವಿರುದ್ಧ ಪ್ರತಿಭಟಿಸಿತು. ಕ್ಲಬ್ ಆಗ ಅಭಿಮಾನಿಗಳ ಸಲಹಾ ಮಂಡಳಿ ಮಾಡುತ್ತೇವೆ ಎಂದಿತು. ಸಲಹಾ ಮಂಡಳಿ ಎಂದರೆ ಕೇಳಿಸಿಕೊಳ್ಳುವ ಕಿವಿ, ಸಹಿ ಹಾಕುವ ಕೈ ಅಲ್ಲ. ನಮ್ಮ ತಾಲ್ಲೂಕು ಮಟ್ಟದ ಸಲಹಾ ಸಮಿತಿಗಳನ್ನು ವರದಿ ಮಾಡಿದ ಯಾರಿಗಾದರೂ ಇದು ಗೊತ್ತು.

ಜರ್ಮನಿಯಲ್ಲಿ ಮಾತ್ರ ಕೈಗೇ ಅಧಿಕಾರ ಇದೆ. ಅಲ್ಲಿ 1998ರಲ್ಲಿ ಕ್ಲಬ್ಬುಗಳು ಕಂಪನಿ ಆಗಬಹುದು ಎಂದಾಗ, ಅರ್ಧಕ್ಕಿಂತ ಒಂದು ಓಟು ಹೆಚ್ಚು ಸದಸ್ಯರ ಬಳಿಯೇ ಇರಬೇಕು ಎಂಬ ನಿಯಮವನ್ನೂ ಇಟ್ಟರು. ನಮ್ಮ ಹಾಲಿನ ಸಂಘದ ಲೆಕ್ಕವೇ ಹೆಚ್ಚುಕಡಿಮೆ. 2024ರಲ್ಲಿ ಲೀಗ್ ಹೊರಗಿನ ಹೂಡಿಕೆದಾರರನ್ನು ತರಲು ಹೊರಟಾಗ ಪ್ರೇಕ್ಷಕರು ಪಂದ್ಯದ ಮಧ್ಯೆ ಟೆನಿಸ್ ಚೆಂಡುಗಳನ್ನು ಮೈದಾನಕ್ಕೆ ಎಸೆದು ಆಟ ನಿಲ್ಲಿಸುತ್ತ ಹೋದರು, ಫೆಬ್ರವರಿಯಲ್ಲಿ ಲೀಗ್ ಆ ಯೋಜನೆ ಕೈಬಿಟ್ಟಿತು. ಇಂಗ್ಲೆಂಡಿನಲ್ಲಿ 2021ರ ಏಪ್ರಿಲ್‌ನಲ್ಲಿ ಶ್ರೀಮಂತ ಕ್ಲಬ್ಬುಗಳು ಸೇರಿ ಸೂಪರ್ ಲೀಗ್ ಘೋಷಿಸಿದವು. ಎರಡೇ ದಿನಕ್ಕೆ ಇಂಗ್ಲಿಷ್ ಕ್ಲಬ್ಬುಗಳು ಹಿಂದೆ ಸರಿದವು, ಜನ ಬೀದಿಗಿಳಿದದ್ದು ದೊಡ್ಡ ಕಾರಣ. ಅಲ್ಲಿಂದ ಅಭಿಮಾನಿಗಳ ನೇತೃತ್ವದ ವರದಿ, ಕೊನೆಗೆ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ. ಆದರೆ ಇಂಗ್ಲೆಂಡ್ ಈ ಪಾಠ ಕಲಿತದ್ದು ಬೀದಿಯಲ್ಲಿ ಮಾತ್ರ ಅಲ್ಲ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಕೊನೆಗೆ 97 ಜನ ಸತ್ತರು. ಕುಡಿದ ಅಭಿಮಾನಿಗಳದೇ ತಪ್ಪು ಎಂದು ಪೊಲೀಸರೂ ಒಂದು ಪತ್ರಿಕೆಯೂ ಹೇಳಿದ್ದವು. ಮನೆಯವರು ಬಿಡದೆ ಹೋರಾಡಿ, 27 ವರ್ಷದ ನಂತರ 2016ರಲ್ಲಿ ವಿಚಾರಣೆಯ ಜ್ಯೂರಿಯಿಂದ ಅಭಿಮಾನಿಗಳ ತಪ್ಪಲ್ಲ ಎಂದು ಹೇಳಿಸಿದರು.

ಆ ಸಾಲು ಓದುವಾಗ ನನಗೆ ಚಿನ್ನಸ್ವಾಮಿ ನೆನಪಾಯಿತು. 2025ರ ಜೂನ್ 4. ಕ್ರಿಕೆಟ್ ಇರಬಹುದು, ಆದರೆ ಗೇಟಿನ ಹೊರಗೆ ಸತ್ತ 11 ಜನ ಅಭಿಮಾನಿಗಳೇ. ಮರುದಿನ ನಮ್ಮ ಕಡೆ ಹರಟೆ ಕಟ್ಟೆಗಳಲ್ಲಿ ಕೇಳಿದ ಮೊದಲ ಮಾತು, "ಯಾರು ಹೋಗೋಕೆ ಹೇಳಿದ್ರು?" ಕೋಲ್ಕತ್ತದಲ್ಲಿ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್-ಈಸ್ಟ್ ಬೆಂಗಾಲ್ ಪಂದ್ಯದಲ್ಲಿ 16 ಜನ ಸತ್ತರು. ಆ ದಿನವನ್ನು ಅಲ್ಲಿ ಪ್ರತಿ ವರ್ಷ ಫುಟ್‌ಬಾಲ್ ಪ್ರೇಮಿಗಳ ದಿನ ಎಂದು ರಕ್ತದಾನ ಮಾಡಿ ನೆನೆಯುತ್ತಾರೆ. ಗೇಟು ಎಷ್ಟು ಹೊತ್ತಿಗೆ ತೆಗೆಯಬೇಕು, ಟಿಕೆಟ್ ಹೇಗೆ ಕೊಡಬೇಕು ಎಂಬುದೂ ಆಡಳಿತವೇ. ಅದನ್ನು ನಿರ್ಧರಿಸುವ ಕೋಣೆಯಲ್ಲಿ ಗೇಟಿನ ಹೊರಗೆ ನಿಲ್ಲುವವನ ಕಡೆಯವರು ಒಬ್ಬರಾದರೂ ಇರಬೇಕು ಎಂಬುದು ನನ್ನ ಮಟ್ಟಿಗೆ ಈ ವಿಷಯದ ತಿರುಳು.

ನಮ್ಮ ರಾಜ್ಯದ ಫುಟ್‌ಬಾಲ್ ಬಡ ಇತಿಹಾಸದ್ದೇನಲ್ಲ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು 1948ರಲ್ಲಿ ಫ್ರಾನ್ಸ್ ವಿರುದ್ಧ ಹೊಡೆದದ್ದು ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಮತ್ತೆ ಗೆಲ್ಲಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ಮೇಘಾಲಯವನ್ನು 3-2ರಿಂದ ಸೋಲಿಸಿದರು. ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಅಂತಿಮ ಪಂದ್ಯಗಳನ್ನು ಅಲ್ಲಿಗೆ ಒಯ್ಯಲು ಫೆಡರೇಷನ್ ನಿರ್ಧರಿಸಿತ್ತು. ಬೆಂಗಳೂರಿನ ಅಶೋಕನಗರದ ಸ್ಟೇಡಿಯಂನಲ್ಲಿ ಸಂತೋಷ್ ಟ್ರೋಫಿ ನೋಡುತ್ತ ಮುದುಕರಾದವರು ಆ ಗೆಲುವನ್ನು ಮೊಬೈಲ್ ಪರದೆಯಲ್ಲಿ ನೋಡಿದರು. ಯಾರೂ ಅವರನ್ನು ಕೇಳಿರಲಿಲ್ಲ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಆ ಅಶೋಕನಗರದ ಸ್ಟೇಡಿಯಂನ ಪಶ್ಚಿಮ ಸ್ಟ್ಯಾಂಡಿನಲ್ಲಿ ನಿಂತು ಹಾಡಿದವರೇ ವೆಸ್ಟ್ ಬ್ಲಾಕ್ ಬ್ಲೂಸ್. ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ರಾಷ್ಟ್ರೀಯ ತಂಡದ ಪಂದ್ಯಕ್ಕೆ ಎರಡೂವರೆ ಸಾವಿರದಷ್ಟು ಜನ ಬಂದಾಗ, ಕ್ಲಬ್ಬಿನ ನಾಯಕ ಸುನಿಲ್ ಛೆಟ್ರಿ ವಿಡಿಯೊ ಮಾಡಿ, ಬೈಯಲಾದರೂ ಬನ್ನಿ, ಮೈದಾನಕ್ಕೆ ಬನ್ನಿ ಎಂದು ಅಭಿಮಾನಿಗಳನ್ನು ಕೇಳಿಕೊಂಡರು. ಮುಂದಿನ ಪಂದ್ಯದ ಟಿಕೆಟ್ ಖಾಲಿ. ಅದೇ ಛೆಟ್ರಿ 2026ರ ಜನವರಿಯಲ್ಲಿ ಇತರ ಆಟಗಾರರ ಜೊತೆ ಇನ್ನೊಂದು ವಿಡಿಯೊದಲ್ಲಿ ಕಾಣಿಸಿಕೊಂಡರು. ಈ ಸಲ ಮೊರೆ ಇಟ್ಟದ್ದು ಫಿಫಾಗೆ. 2010ರಲ್ಲಿ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಬರೆದುಕೊಟ್ಟಿತ್ತು. ಅದರ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗಿಯುವುದು ಎಲ್ಲರಿಗೂ ಗೊತ್ತಿತ್ತು, ಹೊಸ ಟೆಂಡರ್ ಕರೆದರೆ ಒಬ್ಬರೂ ಬಿಡ್ ಹಾಕಲಿಲ್ಲ. ಕೊನೆಗೆ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಲೀಗ್ ಎಂದು ಘೋಷಿಸಬೇಕಾಯಿತು. ಎರಡು ವಿಡಿಯೊಗಳ ನಡುವೆ ಏಳೂವರೆ ವರ್ಷ. ಸ್ಟೇಡಿಯಂ ತುಂಬಿಸಲು ನಾವು ಬೇಕು, ಲೀಗ್ ಉಳಿಸುವ ಮಾತು ಬಂದಾಗ ಮೊರೆ ಹೋಗುವ ವಿಳಾಸ ಜ್ಯೂರಿಚ್. ಛೆಟ್ರಿಯ ತಪ್ಪಲ್ಲ ಇದು. ಅವರಿಗೆ ಇಲ್ಲಿ ಬೇರೆ ಬಾಗಿಲು ಕಾಣಲಿಲ್ಲ.

ನಮ್ಮ ಹೊಸಪೇಟೆಯಲ್ಲಿ ಅಭಿಮಾನಿ ಎಂದರೆ ಸಿನಿಮಾ ಅಭಿಮಾನಿ. ಅಪ್ಪು ಪ್ರತಿಮೆ ನಿಲ್ಲಿಸಿದ ಊರು ಇದು, ಜಿಲ್ಲಾ ಕ್ರೀಡಾಂಗಣಕ್ಕೂ ಅವರದೇ ಹೆಸರು. ಸಂಘ ಕಟ್ಟುವುದು, ಚಂದಾ ಎತ್ತುವುದು, ಅನುಮತಿ ಪಡೆಯುವುದು ಇಲ್ಲಿನ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಆ ಹುಡುಗರಲ್ಲೇ ಕೆಲವರು ಭಾನುವಾರ ಮುನ್ಸಿಪಲ್ ಮೈದಾನದಲ್ಲಿ ಮಾಸಿದ ನೀಲಿ ಜರ್ಸಿ ಹಾಕಿ ಆಡುತ್ತಾರೆ, ಬೆನ್ನ ಮೇಲೆ 11. ಕಳೆದ ಸಲ ಅವರ ಜೊತೆ ಕೂತು ಈ ಬರಹದ ವಿಷಯ ಹೇಳಿದೆ. ಸಂವಿಧಾನ, ಫಿಫಾ, ಸುಪ್ರೀಂ ಕೋರ್ಟ್ ಎಂದಾಗ ಆಕಳಿಸಿದರು. ಆಮೇಲೆ ಒಬ್ಬ ಕೇಳಿದ: "ಅಣ್ಣಾ, ಮ್ಯಾಚು ಏಳೂವರೆಗೆ ಯಾಕ ಇಡ್ತಾರ?"

ಅವನ ಲೆಕ್ಕ ಹೀಗೆ. ಹಂಪಿ ಎಕ್ಸ್‌ಪ್ರೆಸ್‌ಗೆ ಹೋದರೆ ಬೆಳಿಗ್ಗೆ ಬೆಂಗಳೂರು. ಕಂಠೀರವದಲ್ಲಿ ಪಂದ್ಯ ರಾತ್ರಿ ಏಳೂವರೆಗೆ ಶುರುವಾದರೆ ಮುಗಿಯುವುದು ಒಂಬತ್ತೂವರೆಗೆ. ವಾಪಸ್ ರೈಲು ಹತ್ತರ ಸುಮಾರಿಗೆ. ಮೆಜೆಸ್ಟಿಕ್ ಮೂರು ಕಿಲೋಮೀಟರ್. ಹೆಚ್ಚುವರಿ ಸಮಯಕ್ಕೆ ಹೋಯಿತೋ, ರೈಲು ಹೋಯಿತು. ಬಸ್ಸಿಗೆ ಹೋದರೆ ಮರುದಿನದ ಕೂಲಿ ಹೋಯಿತು. ಟಿವಿಯವರಿಗಾಗಿ ಇಟ್ಟ ಹೊತ್ತು ಎಂದೆ. ಜರ್ಮನಿಯಲ್ಲಿ ಸೋಮವಾರ ರಾತ್ರಿ ಪಂದ್ಯ ಇಟ್ಟರೆ ದೂರದ ಊರಿನವರು ಬರಲಾಗುವುದಿಲ್ಲ ಎಂದು ಜನ ಗಲಾಟೆ ಮಾಡಿ, 2021-22ರ ಸೀಸನ್‌ನಿಂದ ಸೋಮವಾರದ ಪಂದ್ಯಗಳನ್ನೇ ತೆಗೆಸಿದರು ಎಂದೂ ಹೇಳಿದೆ. ಈಗ ಅವರು ಎದ್ದು ಕೂತರು.

"ಹಂಗಾದ್ರ ಯಾರಿಗೆ ಬರೀಬೇಕು?" ಎಂದ ಇನ್ನೊಬ್ಬ. ಕ್ಲಬ್ಬಿಗೆ ಒಂದು, ಕೆಎಸ್‌ಎಫ್‌ಎಗೆ ಒಂದು, ಫೆಡರೇಷನ್ನಿಗೆ ಒಂದು ಎಂದೆ. ಅರ್ಜಿ ಕನ್ನಡದಲ್ಲೇ ಬರೆದಿದ್ದೇವೆ, ಒಂದೂವರೆ ಪುಟ, ಹಂಪಿ ಎಕ್ಸ್‌ಪ್ರೆಸ್ಸಿನ ವೇಳಾಪಟ್ಟಿ ಲಗತ್ತಿಸಿದೆ. ಇಪ್ಪತ್ತಮೂರು ಸಹಿ ಬಿದ್ದಿವೆ. ಕಂಪ್ಲಿ ಮತ್ತು ಸಂಡೂರಿನ ಹುಡುಗರದು ಇನ್ನೂ ಬರಬೇಕು.